ತಡವಾಗಿ ಬಿದ್ದ ನಾಲ್ಕು ಹೆಜ್ಜೆ

ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಟಕ್ ಟಕ್ ಅಂತ ಸದ್ದಾಗುತ್ತದಲ್ಲ, ಅದು ನಾಯಕಿಯ ಕಾಲಿನದಲ್ಲ. ಹೀಗಂದರೆ ಜನ ಮೊದಲು ನಗುತ್ತಾರೆ, ಆಮೇಲೆ "ಮತ್ತೆ ಯಾರದ್ದು?" ಅಂತ ಕೇಳುತ್ತಾರೆ. ಹೆಜ್ಜೆಯಕ್ಕನದ್ದು. ಇಪ್ಪತ್ತೇಳು ವರ್ಷ, ಮುನ್ನೂರು ಚಿಲ್ಲರೆ ಸಿನಿಮಾ. ಶೂಟಿಂಗಿನ ಗಲಾಟೆಯಲ್ಲಿ ಹೆಜ್ಜೆ ಸದ್ದು ನೆಟ್ಟಗೆ ಸಿಗುವುದಿಲ್ಲ. ಅದಕ್ಕೇ ಆಮೇಲೆ ಸ್ಟುಡಿಯೋದ ಒಂದು ಕತ್ತಲೆ ಕೋಣೆಯಲ್ಲಿ ಚಿತ್ರ ಓಡಿಸಿ, ಪರದೆಯ ಮೇಲಿನ ಕಾಲಿಗೆ ಸರಿಯಾಗಿ ಇನ್ನೊಬ್ಬರು ನಡೆಯಬೇಕು, ಮೈಕು ಅದನ್ನು ಹಿಡಿಯಬೇಕು. ಆ ಕೋಣೆಯ ನೆಲದಲ್ಲಿ ನಾಲ್ಕು ಅಂಕಣ ಮಾಡಿದ್ದರು. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಕಲ್ಲು ಚಪ್ಪಡಿ, ಒಂದರಲ್ಲಿ ಮರದ ಹಲಗೆ. ಹೆಜ್ಜೆಯಕ್ಕ ಅರಮನೆ ಸುತ್ತಿದಳು, ಕಾಡಿನಲ್ಲಿ ಓಡಿದಳು, ಜೈಲಿಗೆ ಹೋಗಿ ಬಂದಳು, ಸಮುದ್ರದ ದಂಡೆಯಲ್ಲಿ ಯಾರ ಹಿಂದೆಯೋ ಅಳುತ್ತಾ ನಡೆದಳು. ಇಷ್ಟೆಲ್ಲ ಆದರೂ ಆ ಕೋಣೆ ಬಿಟ್ಟು ಒಂದು ಮಾರು ಆಚೆ ಹೋಗಲಿಲ್ಲ.

ಆ ಕೆಲಸದ ನಿಯಮ ಒಂದೇ. ಕಣ್ಣು ಪರದೆ ಬಿಟ್ಟು ಕದಲಬಾರದು. ಒಂದು ಗಳಿಗೆ ಕೆಳಗೆ ನೋಡಿದರೂ ಕಾಲು ತಪ್ಪುತ್ತದೆ, ಸದ್ದು ಹಿಂದೆ ಬೀಳುತ್ತದೆ. ಕೆಲಸ ಚೆನ್ನಾಗಿ ಆಯಿತು ಅನ್ನುವುದಕ್ಕೆ ಗುರುತೂ ಒಂದೇ, ಯಾರಿಗೂ ಗೊತ್ತಾಗಬಾರದು. ಇಂಥ ಕೆಲಸ ಮಾಡಿದವಳಿಗೆ ಮುಪ್ಪಿನಲ್ಲಿ ಯಾರಾದರೂ ಬಂದು "ಅಬ್ಬಾ, ನೀವಾ?" ಅನ್ನುತ್ತಾರೆಯೇ? ಟೈಟಲ್ಲಿನಲ್ಲಿ ಊಟ ತಂದುಕೊಟ್ಟವರ ಹೆಸರು ಬರುತ್ತಿತ್ತು, ಇವಳದು ಒಂದು ಸಲವೂ ಬರಲಿಲ್ಲ. ಅದಕ್ಕಾಗಿ ಅವಳೇನೂ ಮುಖ ಊದಿಸಿಕೊಂಡವಳಲ್ಲ, ಬಿಡಿ.

ಗಂಡಸರ ಹೆಜ್ಜೆ ಅವಳ ಗಂಡನದು. ಸ್ಟುಡಿಯೋದಲ್ಲಿ ಅವಳಿಗೆ ಹೆಜ್ಜೆಯಕ್ಕ ಅಂದ ಹಾಗೆ ಅವನಿಗೆ ಬೂಟಣ್ಣ ಅನ್ನುತ್ತಿದ್ದರು. ಪೊಲೀಸು, ಕಳ್ಳ, ಜಮೀನ್ದಾರ, ಪ್ರೇಮಿ, ಎಲ್ಲರಿಗೂ ಒಂದೊಂದು ಜೋಡು ಇಟ್ಟುಕೊಂಡಿದ್ದ. ಮಾತು ಮಾತ್ರ ತೀರಾ ಕಮ್ಮಿ. ಮದುವೆಯಾದ ಹೊಸದರಲ್ಲಿ ಅವಳು ಹೊಸ ಬಟ್ಟೆ ಉಟ್ಟು ಮುಂದೆ ನಿಂತು "ಹೇಗಿದೆ?" ಅಂದರೆ, ಎರಡು ಗಳಿಗೆ ನೋಡಿ "ಸರಬರ ಅನ್ನತ್ತೆ, ಮೈಕಿಗೆ ಆಗಲ್ಲ" ಅಂದಿದ್ದನಂತೆ. ಪರದೆಯ ಮೇಲೆ ಎಷ್ಟೋ ಚೆಲುವ ಚೆಲುವೆಯರು ಕೈಕೈ ಹಿಡಿದು ಓಡಾಡಿದರು. ಕೆಳಗೆ ನಡೆದವರು ಈ ಇಬ್ಬರೇ.

ಈಗ ಅವಳಿಗೆ ಅರವತ್ತೊಂಬತ್ತು. ಬೂಟಣ್ಣ ಹೋಗಿ ಆರು ವರ್ಷವಾಯಿತು. ಸ್ಟುಡಿಯೋ ಕೆಡವಿ ಅಲ್ಲಿ ನೆಲಕ್ಕೆ ಹಾಕುವ ಟೈಲ್ಸ್ ಮಾರುತ್ತಿದ್ದಾರೆ. ಮಕ್ಕಳಾಗಲಿಲ್ಲ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಒಂದು ಕಿಟಕಿ. ಬೆಳಗ್ಗೆ ಹಾಲಿನವನ ಹತ್ತಿರ ಎರಡು ಮಾತು, ಸಂಜೆ ಔಷಧಿ ಅಂಗಡಿಯವನ ಹತ್ತಿರ ಒಂದು ಮಾತು. ಕೆಲವು ದಿನ ಅದೂ ಇಲ್ಲ. ಮೆಟ್ಟಿಲ ಮೇಲೆ ಯಾರು ಹತ್ತುತ್ತಿದ್ದಾರೆ ಅಂತ ಸದ್ದಿನಲ್ಲೇ ಹೇಳಬಲ್ಲಳು. ಎಲ್ಲರೂ ಒಂದನೇ ಮಹಡಿಗೇ ನಿಲ್ಲುತ್ತಾರೆ ಅನ್ನುವುದೂ ಗೊತ್ತು. ಒಂಟಿತನ ಅಂದರೆ ಅವಳಿಗೆ ಅದೇ, ಬರುವ ಹೆಜ್ಜೆಗಳು ತನ್ನ ಬಾಗಿಲವರೆಗೆ ಬರದೇ ಇರುವುದು.

ಅವಳನ್ನು ಭಾನುವಾರದ ಗುಂಪಿಗೆ ಎಳೆದುಕೊಂಡು ಹೋದವಳು ಕೆಳಮನೆಯ ನರ್ಸಮ್ಮ. ಲೈಬ್ರರಿಯ ಮೇಲಿನ ಹಾಲಿನಲ್ಲಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಹತ್ತು ಹನ್ನೊಂದು ಜನ ಸೇರಿ ಒಂದು ಸಿನಿಮಾ ನೋಡುತ್ತಿದ್ದರು. ಯಜಮಾನಿಕೆ ಒಬ್ಬ ರಿಟೈರಾದ ಪೋಸ್ಟ್‌ಮಾಸ್ಟರದ್ದು. ಕಾಗದಗಳನ್ನು ವಿಂಗಡಿಸಿದ ಹಾಗೆಯೇ ಜನರನ್ನೂ ಸಾಲಾಗಿ ಕೂರಿಸಬೇಕು ಅವರಿಗೆ. ಪ್ರತಿ ಸಲ ಚೀಟಿ ಎತ್ತುವುದು. ಹೆಸರು ಬಂದವರು ತಮ್ಮ ಬದುಕಿಗೆ ಹತ್ತಿರವಾದ ಒಂದು ಸಿನಿಮಾ ಆರಿಸಬೇಕು. ಯಾಕೆ ಆರಿಸಿದೆವು ಅನ್ನುವುದನ್ನು ಸಿನಿಮಾ ಮುಗಿದ ಮೇಲೆಯೇ ಹೇಳಬೇಕು.

"ಮೊದಲೇ ಹೇಳಿದ್ರೆ ಅದು ಸಿನಿಮಾ ಅಲ್ಲ, ಭಾಷಣ," ಅನ್ನುತ್ತಿದ್ದರು ಪೋಸ್ಟ್‌ಮಾಸ್ಟರು. ತಾವು ಮಾತ್ರ ಮೊದಲೂ ಮಾತಾಡುತ್ತಿದ್ದರು, ಆಮೇಲೂ ಮಾತಾಡುತ್ತಿದ್ದರು.

ಒಳ್ಳೆಯ ಜನ. ನರ್ಸಮ್ಮ ಆಸ್ಪತ್ರೆಯ ಸಿನಿಮಾ ಆರಿಸಿ ತಾನೂ ಅತ್ತು ಎಲ್ಲರನ್ನೂ ಅಳಿಸಿದಳು. ಗಣಿತದ ಮೇಷ್ಟ್ರು ಚದುರಂಗದ ಸಿನಿಮಾ ಹಾಕಿಸಿ ಇಬ್ಬರನ್ನು ಮಲಗಿಸಿದರು. ಕಟಿಂಗ್ ಅಂಗಡಿಯವನೊಬ್ಬ ಯಾವಾಗಲೂ ಹಿಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದ. ಯಾವ ಸಿನಿಮಾ ಮುಗಿದರೂ "ಉದ್ದ ಆಯ್ತು" ಅನ್ನುತ್ತಿದ್ದ. ಮುಲಾಜು ಅನ್ನುವುದೇ ಇಲ್ಲದ ಮನುಷ್ಯ. ತಲೆ ಕೊಟ್ಟು ಕೂತ ಗಿರಾಕಿಗೇ "ಇನ್ನೊಂದು ವರ್ಷ ಅಷ್ಟೇ ಸ್ವಾಮಿ, ಆಮೇಲೆ ಇಲ್ಲಿ ನನಗೆ ಕೆಲಸ ಇರಲ್ಲ" ಅಂತ ಹೇಳುವವನು. ಹೆಜ್ಜೆಯಕ್ಕ ಮಾತ್ರ ಇವರ ನಡುವೆ ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಇದ್ದಳು. "ಸ್ಟುಡಿಯೋದಲ್ಲಿದ್ದೆ" ಅಂದಿದ್ದಳು ಒಮ್ಮೆ. ಅಲ್ಲಿ ಕಸ ಗುಡಿಸುತ್ತಿದ್ದಳೇನೋ ಅಂದುಕೊಂಡು ಅವರು ಮರ್ಯಾದೆಯಿಂದ ಮುಂದೆ ಕೇಳಲಿಲ್ಲ.

ಹೀಗಿರುವಾಗ ಚೀಟಿಯಲ್ಲಿ ಅವಳದೇ ಬಂತು.

ಯಾವುದು ಆರಿಸಲಿ? ನಾಲ್ಕು ವಾರ ಟೈಮಿತ್ತು. ಮೊದಲ ವಾರ ಅವಳ ಮನಸ್ಸು ಒಂದು ದೊಡ್ಡ ಸಿನಿಮಾದ ಮೇಲೇ ಇತ್ತು. ಇಡೀ ಊರು ಎರಡೆರಡು ಸಲ ನೋಡಿದ್ದ ಸಿನಿಮಾ. ಅದರಲ್ಲಿ ನಾಯಕಿ ಮದುವೆ ಮಂಟಪ ಬಿಟ್ಟು ನಲವತ್ತು ಮೆಟ್ಟಿಲು ಓಡಿ ಇಳಿಯುತ್ತಾಳೆ, ಆ ನಲವತ್ತೂ ಹೆಜ್ಜೆಯಕ್ಕನವು. "ಅದು ನಾನು" ಅಂದರೆ ಸಾಕು, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಕಿಟಕಿ ಹತ್ತಿರ ನಿಂತು ಆ ಮಾತನ್ನು ಎರಡು ಸಲ ಹೇಳಿಯೂ ನೋಡಿದಳು. ಕೇಳಲು ಚೆನ್ನಾಗಿತ್ತು, ಸುಳ್ಳೂ ಅಲ್ಲ. ಆದರೆ ಬದುಕಿಗೆ ಹತ್ತಿರವಾದದ್ದು ಅಂತ ಅದನ್ನು ಹೇಳುವುದು ಹೇಗೆ? ಆ ದಿನ ಅವಳಿಗೆ ನೆಗಡಿ ಇತ್ತು ಅನ್ನುವುದು ಬಿಟ್ಟರೆ ಬೇರೇನೂ ನೆನಪಿಲ್ಲ.

ಬದುಕಿಗೆ ಹತ್ತಿರವಾದದ್ದು ಬೇರೆ ಒಂದಿತ್ತು. ಒಂಬತ್ತೇ ದಿನ ಓಡಿ ಮಲಗಿದ ಸಿನಿಮಾ. ಅದರ ಕತೆ ಹೇಳುವ ಮೊದಲು ಇನ್ನೊಂದು ಕತೆ ಹೇಳಬೇಕು. ಹೆಜ್ಜೆಯಕ್ಕನಿಗೆ ಕಷ್ಟವಾದದ್ದೂ ಅದೇ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಒಂದು ಬೆಳಗ್ಗೆ ಕೋಣೆಯಲ್ಲಿ ಹೆಂಗಸರ ಹೆಜ್ಜೆಯಷ್ಟೇ ಬೇಕಿತ್ತು. ಅವಳು ಒಳಗೆ, ಬಾಗಿಲ ಮೇಲೆ ಕೆಂಪು ದೀಪ. ದೀಪ ಉರಿಯುತ್ತಿದ್ದರೆ ಒಳಗೆ ಯಾರೂ ಹೋಗುವ ಹಾಗಿಲ್ಲ. ಹೊರಗೆ ಕಾರಿಡಾರಿನಲ್ಲಿ ಫೋನು ಬಂತು, ಎತ್ತಿದವನು ಬೂಟಣ್ಣ. ಆ ಕಡೆ ಅವಳ ಅಣ್ಣ. "ಅಮ್ಮಂಗೆ ತೀರಾ ಹುಷಾರಿಲ್ಲ, ಅವಳ ಹೆಸರೇ ಹೇಳ್ತಿದಾಳೆ. ತಕ್ಷಣ ಕಳ್ಸು." ಬೂಟಣ್ಣ ಕೆಂಪು ದೀಪ ನೋಡಿದ. ಇನ್ನೊಂದು ಗಂಟೆಯಲ್ಲಿ ಮುಗಿಯುತ್ತದೆ, ಆಗ ಹೇಳೋಣ ಅಂದುಕೊಂಡ. ಒಂದು ಗಂಟೆ ಮೂರಾಯಿತು. ಅವಳು ಹೋಗಿ ತಲುಪುವ ಇಪ್ಪತ್ತು ನಿಮಿಷ ಮೊದಲು ತಾಯಿ ಕಣ್ಣು ಮುಚ್ಚಿದ್ದಳು.

ಅವನದು ದುಷ್ಟತನವಲ್ಲ, ದೀಪಕ್ಕೆ ಹೆದರಿದ್ದು. ಕೆಲಸ ಅವನಿಗೆ ಮೂಳೆಯೊಳಗೆ ಇಳಿದುಬಿಟ್ಟಿತ್ತು. ಆದರೆ ತಾಯಿಯ ಮುಖ ನೋಡದೆ ಉಳಿದ ಮಗಳಿಗೆ ಇದನ್ನು ಹೇಳಿ ಒಪ್ಪಿಸಲು ಯಾರಿಂದಾದೀತು? ಅವಳು ಗಂಡನ ಹತ್ತಿರ ಮಾತು ಬಿಟ್ಟಳು. ಮೂರು ತಿಂಗಳು ಹನ್ನೊಂದು ದಿನ. ತಟ್ಟೆ ಇಟ್ಟು ಬಡಿಸಿ ಅಡುಗೆಮನೆಗೆ ಹೋಗಿಬಿಡುವಳು. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಸ್ಟುಡಿಯೋದಲ್ಲಿ ಮಾತ್ರ ಪಕ್ಕಪಕ್ಕ ನಿಂತು ಬೇರೆಯವರ ಪ್ರೀತಿಗೆ ಹೆಜ್ಜೆ ಹಾಕುವುದು. ಅವನೂ ತಪ್ಪಾಯಿತು ಅನ್ನಲಿಲ್ಲ. ಆ ಮಾತು ಅವನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ, ಏನು ಮಾಡುವುದು.

ಆಗ ಬಂದದ್ದು ಆ ಸಿನಿಮಾ. ವಯಸ್ಸಾದ ಗಂಡ ಹೆಂಡತಿ ಮಗಳನ್ನು ರೈಲು ಹತ್ತಿಸಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು, ಮೇಲ್ಸೇತುವೆ ದಾಟಿ ಹೊರಗೆ ಬರುತ್ತಾರೆ. ಮೂರೂವರೆ ನಿಮಿಷ. ಮಾತಿಲ್ಲ, ಸಂಗೀತವಿಲ್ಲ. "ಬರೀ ಹೆಜ್ಜೆ ಬೇಕು ನನಗೆ" ಅಂದಿದ್ದರು ಡೈರೆಕ್ಟರು. ಆ ಬೆಳಗ್ಗೆ ಬಸ್ಸಿಳಿಯುವಾಗ ಅವಳ ಎಡಗಾಲು ಉಳುಕಿತ್ತು. ಯಾರಿಗೂ ಹೇಳಿರಲಿಲ್ಲ. ಕಲ್ಲು ಚಪ್ಪಡಿಯ ಮೇಲೆ ಹಲ್ಲು ಕಚ್ಚಿ ನಡೆದಳು. ಸೇತುವೆಯ ಮೆಟ್ಟಿಲಿಗೆ ಅಂತ ಮರದ ಹಲಗೆಗೆ ಬಂದಾಗ ಕಾಲು ನಡುಗಿತು. ಅಷ್ಟೇ, ಪಕ್ಕದಲ್ಲಿದ್ದವನ ಬೂಟು ನಿಧಾನವಾಯಿತು. ಪರದೆಯ ಮೇಲಿನ ಗಂಡ ದಡದಡ ಹತ್ತುತ್ತಿದ್ದಾನೆ, ಹಲಗೆಯ ಮೇಲಿನ ಗಂಡ ಇವಳಿಗೋಸ್ಕರ ತಡೆದು ತಡೆದು ಇಡುತ್ತಿದ್ದಾನೆ. ಒಂದು, ಎರಡು, ಮೂರು, ನಾಲ್ಕು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಪರದೆ ಬಿಟ್ಟು ಕಣ್ಣು ತೆಗೆಯದವನು ಅವಳ ಕಾಲನ್ನು ನೋಡುತ್ತಿದ್ದ.

"ಯಾರನ್ನ ನೋಡ್ತಾ ನಡೀತಿದೀರಿ? ಪರದೆ ನೋಡ್ರೀ!" ಅಂತ ರೆಕಾರ್ಡಿಸ್ಟು ಕೂಗಿದ. ಡೈರೆಕ್ಟರು ಕೈ ಎತ್ತಿ ತಡೆದರು. "ಇರ್ಲಿ ಬಿಡಿ. ಈಗ ಮುದುಕನ ಹಾಗೆ ಕೇಳಿಸ್ತಿದೆ."

ಆ ಸಂಜೆ ಅವಳು ತಟ್ಟೆ ಇಟ್ಟು "ಬಡಿಸ್ಲಾ?" ಅಂದಳು. ಅವನು "ಹೂಂ" ಅಂದ. ಅವರ ರಾಜಿ ಅಷ್ಟರಲ್ಲಿ ಮುಗಿಯಿತು. ಆಮೇಲೆ ಅದರ ಮಾತು ಇಬ್ಬರೂ ಎತ್ತಲಿಲ್ಲ. ಒಮ್ಮೆ ಟಿವಿಯಲ್ಲಿ ಆ ಸಿನಿಮಾ ಬಂದಾಗ, ಸೇತುವೆ ಸೀನು ಹತ್ತಿರವಾಗುತ್ತಲೇ ಅವನು ನೀರು ಕುಡಿಯಲು ಎದ್ದು ಹೋದ. ಅವಳ ಅಣ್ಣನಂತೂ ಕೊನೆಯವರೆಗೆ ಕ್ಷಮಿಸಲಿಲ್ಲ. ಬೂಟಣ್ಣನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟು ಬಂದ ದಿನವೂ ಎಲ್ಲರೆದುರು "ಅಮ್ಮನ ಮುಖ ನೋಡೋಕ್ಕೂ ಬಿಡದ ಮನುಷ್ಯ. ಒಂದು ದಿನ ತಪ್ಪಾಯ್ತು ಅಂದ್ನಾ?" ಅಂದ. "ಅಂದ, ಅಂದಿದ್ದ, ನಾಲ್ಕು ಸಲ ಅಂದಿದ್ದ" ಅಂತ ಅವಳಿಗೆ ಕೂಗಬೇಕೆನಿಸಿತ್ತು. ಆದರೆ ಹೆಜ್ಜೆ ಸದ್ದನ್ನು ಯಾರಿಗೆ ಎತ್ತಿ ತೋರಿಸುವುದು? ಆ ದಿನ ಕಣ್ಣಲ್ಲಿ ನೀರೂ ಬರಲಿಲ್ಲ, ಜನ ಅದನ್ನೂ ಆಡಿಕೊಂಡರು.

ಅವನು ತಪ್ಪೊಪ್ಪಿಕೊಂಡದ್ದು ಈ ಲೋಕದಲ್ಲಿ ಉಳಿದಿರುವುದು ಆ ಸಿನಿಮಾದಲ್ಲಿ ಮಾತ್ರ. ತನ್ನನ್ನು ಬಿಟ್ಟು ಇನ್ನೊಂದು ಕಿವಿ ಅದನ್ನು ಕೇಳಬೇಕು, "ಹೌದು, ಇದೆ" ಅನ್ನಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟು. ತೊಡಕೇನೆಂದರೆ, ಕ್ಷಮೆ ಕೇಳಿದ್ದನ್ನು ಹೇಳಬೇಕಾದರೆ ತಪ್ಪು ಮಾಡಿದ್ದನ್ನೂ ಹೇಳಬೇಕು. ಸತ್ತ ಗಂಡನ ತಪ್ಪನ್ನು ಬಿಸ್ಕತ್ತು ತಿನ್ನುತ್ತಾ ಕೂತ ಹನ್ನೊಂದು ಜನರ ಮುಂದೆ ಹರಡುವುದೇ? ಎರಡನೇ ವಾರ, ಮೂರನೇ ವಾರ ಇದರಲ್ಲೇ ಹೋಯಿತು. ನರ್ಸಮ್ಮ ಎರಡು ಸಲ ಬಂದು "ಸುಮ್ನೆ ಒಂದು ಕಾಮಿಡಿ ಹಾಕಿಸ್ಬಿಡಕ್ಕ, ಯಾಕಿಷ್ಟು ತಲೆ ಕೆಡಿಸ್ಕೋತೀಯ?" ಅಂದಳು. ಕೊನೆಗೊಂದು ಬೆಳಗ್ಗೆ ಹೆಜ್ಜೆಯಕ್ಕ ಗಟ್ಟಿ ಮನಸ್ಸು ಮಾಡಿ ಪೋಸ್ಟ್‌ಮಾಸ್ಟರ ಮನೆಗೆ ಹೋಗಿ ಆ ಒಂಬತ್ತು ದಿನದ ಸಿನಿಮಾದ ಹೆಸರು ಹೇಳಿದಳು. ಹೇಳಿ ಬರುವಾಗ ಮೈ ಹಗುರಾಗಿತ್ತು.

ಎರಡು ದಿನ ಬಿಟ್ಟು ಪೋಸ್ಟ್‌ಮಾಸ್ಟರು ಫೋನು ಮಾಡಿದರು. "ಸಿಕ್ತು ಅಕ್ಕ! ಹಳೇ ಪ್ರಿಂಟನ್ನ ಹೊಸದಾಗಿ ಕ್ಲೀನ್ ಮಾಡಿ ಇಂಟರ್ನೆಟ್ಟಲ್ಲಿ ಹಾಕಿದಾರೆ. ಚಿತ್ರ ಕನ್ನಡಿ ಥರ ಇದೆ. ಬೇಕಾದ್ರೆ ಬಂದು ಮೊದಲೇ ಒಂದ್ಸಲ ನೋಡ್ಕೊಳ್ಳಿ."

"ಬೇಡ ಬೇಡ," ಅಂದಳು. "ಎಲ್ಲರ ಜೊತೆ ನೋಡ್ತೀನಿ." ಒಬ್ಬಳೇ ಕೇಳುವುದು ಸಾಕಾಗಿತ್ತು ಅವಳಿಗೆ.

ಭಾನುವಾರ ಬಂತು. ಕಿಟಕಿಗೆ ಪರದೆ ಎಳೆದರು, ದೀಪ ಆರಿಸಿದರು. ಹೆಜ್ಜೆಯಕ್ಕ ಮೊದಲ ಸಾಲಿನಲ್ಲಿ ನರ್ಸಮ್ಮನ ಪಕ್ಕ. ಸಿನಿಮಾ ಶುರುವಾಯಿತು, ಅಡುಗೆಮನೆಯಲ್ಲಿ ಆ ವಯಸ್ಸಾದ ಹೆಂಗಸು ಓಡಾಡಿದಳು. ಹೆಜ್ಜೆಯಕ್ಕನಿಗೆ ತನ್ನ ಹಳೇ ಚಪ್ಪಲಿಯ ಸದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಅದರ ಹಿಮ್ಮಡಿ ಸವೆದಿದ್ದು ಕೂಡ ಗೊತ್ತಾಯಿತು. ಅಂಗಳದಿಂದ ಗಂಡ ಒಳಗೆ ಬಂದ, ಬೂಟಣ್ಣನ ಬೂಟು. ಆರು ವರ್ಷದಿಂದ ಕೇಳದಿದ್ದ ಬೂಟು. ಕ್ಲೀನ್ ಮಾಡಿದವರ ಹೊಟ್ಟೆ ತಣ್ಣಗಿರಲಿ ಅಂತ ಹರಸಿದಳು.

ಕೊನೆಗೆ ಸ್ಟೇಷನ್ ಬಂತು. ರೈಲು ಹೋಯಿತು, ಅದರ ಸದ್ದು ಸಣ್ಣಗಾಗುತ್ತಾ ಇಲ್ಲವಾಯಿತು. ಅವಳು ಮುಂದಕ್ಕೆ ಬಾಗಿದಳು.

ವಯೊಲಿನ್ ಶುರುವಾಯಿತು.

ಯಾರು ಹಾಕಿದರೋ, ಯಾವಾಗ ಹಾಕಿದರೋ. ಚಿತ್ರ ಒರೆಸಿ ತೊಳೆದವರಿಗೆ ಮೂರೂವರೆ ನಿಮಿಷ ಸುಮ್ಮನಿರುವುದು ಕೊರತೆ ಅನ್ನಿಸಿರಬೇಕು. ಒಂದು ವಯೊಲಿನ್, ಹಿಂದೆ ಇನ್ನೊಂದು ಹತ್ತು. ಅದರ ಕೆಳಗೆ ಹೆಜ್ಜೆ ಇಲ್ಲ, ತಗ್ಗಿಸಿದ್ದಲ್ಲ, ಪೂರಾ ತೆಗೆದೇಬಿಟ್ಟಿದ್ದರು. ಪರದೆಯ ಮೇಲೆ ಇಬ್ಬರೂ ಸದ್ದಿಲ್ಲದೆ ಕಾಲು ಹಾಕುತ್ತಾ ಪ್ಲಾಟ್‌ಫಾರ್ಮ್ ದಾಟಿದರು, ಸೇತುವೆ ಹತ್ತಿದರು, ಇಳಿದರು. ಮರದ ಮೆಟ್ಟಿಲಿಗೆ ಬಂದಾಗ ಅವಳು ಕಿವಿಯ ಹಿಂದೆ ಕೈ ಇಟ್ಟುಕೊಂಡಳು. ಅಲ್ಲಿಯೂ ಏನೂ ಇರಲಿಲ್ಲ. ನರ್ಸಮ್ಮ ಮೂಗೊರೆಸುತ್ತಾ ಇವಳ ಕೈ ಹಿಡಿದು "ಏನ್ ಮ್ಯೂಸಿಕ್ಕಕ್ಕ, ಕರುಳು ಹಿಂಡತ್ತೆ" ಅಂದಳು.

ದೀಪ ಹಾಕಿದರು. ಪೋಸ್ಟ್‌ಮಾಸ್ಟರು "ಹೇಳಿ ಅಕ್ಕ, ಇದನ್ನೇ ಯಾಕೆ ಆರಿಸಿದ್ರಿ?" ಅಂದರು. ಸುಮ್ಮನೆ ಚೆನ್ನಾಗಿದೆ ಅಂತ ಅಂದು ಕೂತುಬಿಡಲೇ ಅಂತ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ನಾಲ್ಕು ವಾರದಿಂದ ಗಂಟಲವರೆಗೆ ತುಂಬಿಕೊಂಡಿದ್ದ ಮಾತು ನಿಲ್ಲಲಿಲ್ಲ. ಎದ್ದು ನಿಂತು ಹೇಳಿದಳು. ಕತ್ತಲೆ ಕೋಣೆ, ಕೆಂಪು ದೀಪ, ಫೋನು, ಅಮ್ಮ, ಮೂರು ತಿಂಗಳು ಹನ್ನೊಂದು ದಿನ, ಉಳುಕಿದ ಕಾಲು. "ಆ ಸೇತುವೆ ಮೇಲೆ ನಮ್ಮೆಜಮಾನ್ರ ನಾಲ್ಕು ಹೆಜ್ಜೆ ತಡವಾಗಿ ಬೀಳತ್ತೆ," ಅಂದಳು. "ಅವರು ನನ್ನ ಹತ್ರ ತಪ್ಪಾಯ್ತು ಅಂದಿದ್ದು ಅದೇ."

ಪೋಸ್ಟ್‌ಮಾಸ್ಟರ ಕಣ್ಣು ಕೆಂಪಾಗಿತ್ತು. "ಇನ್ನೊಂದ್ಸಲ ಹಾಕೋಣ, ಎಲ್ಲರೂ ಕಿವಿಗೊಟ್ಟು ಕೇಳಿ," ಅಂದರು. ಅವಳು ಬೇಡ ಅನ್ನುವಷ್ಟರಲ್ಲಿ ಹಾಕಿಯೇಬಿಟ್ಟರು, ಸೌಂಡು ಜಾಸ್ತಿ ಮಾಡಿ. ವಯೊಲಿನ್ ಹಾಲಿನ ಗೋಡೆಗೆ ಬಡಿಯಿತು. ಎಲ್ಲರೂ ಕತ್ತು ಮುಂದೆ ಚಾಚಿದರು. ಸೇತುವೆಯ ಮೆಟ್ಟಿಲು ಬಂತು, ಹೋಯಿತು.

"ಹಾಂ, ಕೇಳಿಸ್ತು ಅಕ್ಕ! ಸ್ಪಷ್ಟವಾಗಿ ಕೇಳಿಸ್ತು," ಅಂದಳು ನರ್ಸಮ್ಮ.

"ನಾಲ್ಕು. ನಾನು ಎಣಿಸ್ದೆ," ಅಂದರು ಗಣಿತದ ಮೇಷ್ಟ್ರು.

"ಎಷ್ಟು ನಿಧಾನವಾಗಿ ಇಟ್ಟಿದಾರೆ, ಪಾಪ," ಅಂದರು ಪೋಸ್ಟ್‌ಮಾಸ್ಟರು. ಹೌದು ಹೌದು ಅಂತ ಉಳಿದವರೂ ತಲೆಯಾಡಿಸಿದರು.

ಹೆಜ್ಜೆಯಕ್ಕ ನಕ್ಕು ಕೈ ಮುಗಿದಳು. ಮೂವತ್ತೊಂದು ವರ್ಷ ಯಾರಾದರೂ ಒಬ್ಬರು ಅನ್ನಲಿ ಅಂತ ಕಾದಿದ್ದ ಮಾತನ್ನು ಹತ್ತು ಜನ ಒಟ್ಟಿಗೆ ಅಂದರು, ಅಷ್ಟೂ ಸುಳ್ಳು. ಅವರ ಮೇಲೆ ಸಿಟ್ಟೂ ಬರಲಿಲ್ಲ, ಅವರದು ಅಂತಃಕರಣದ ಸುಳ್ಳು. ಆದರೆ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗಲೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದುಕೊಂಡರು, ಅವಳು ಒಬ್ಬೊಬ್ಬರಿಗೂ ಹೂಂ ಅಂದಳು.

ಹಿಂದಿನ ಕುರ್ಚಿಯಿಂದ ಕಟಿಂಗ್ ಅಂಗಡಿಯವನು ಎದ್ದು ಬಂದ. ತಲೆ ಕೆರೆದುಕೊಂಡ.

"ನನಗೇನೂ ಕೇಳಿಸ್ಲಿಲ್ಲಮ್ಮ," ಅಂದ.

ನರ್ಸಮ್ಮ ಅವನನ್ನು ಕಣ್ಣಲ್ಲೇ ಸುಟ್ಟಳು. ಪೋಸ್ಟ್‌ಮಾಸ್ಟರು ಕೆಮ್ಮಿದರು. ಅವನು ಯಾರ ಕಡೆಗೂ ನೋಡಲಿಲ್ಲ.

"ಬೇಜಾರ್ ಮಾಡ್ಕೋಬೇಡಿ. ನಾನು ಕಿವಿ ಕೊಟ್ಟೇ ಕೇಳ್ದೆ, ಎರಡ್ಸಲವೂ. ಬರೀ ಪಿಟೀಲಿತ್ತು. ಹೆಜ್ಜೆ ಕೇಳಿಸ್ಲಿಲ್ಲ."

ಹೆಜ್ಜೆಯಕ್ಕ ಅವನ ಮುಖವನ್ನೇ ನೋಡಿದಳು. ಮುಖದ ಮೇಲಿದ್ದ ನಗು ಅಲ್ಲೇ ನಿಂತಿತು.

"ನನಗೂ ಕೇಳಿಸ್ಲಿಲ್ಲಪ್ಪ," ಅಂದಳು. "ಇಲ್ಲ ಅದು. ತೆಗೆದುಬಿಟ್ಟಿದಾರೆ."

ಗಂಡ ಸತ್ತ ದಿನ ಬಾರದೇ ಇದ್ದ ಅಳು ಈಗ ಅಷ್ಟೂ ಜನರ ಮುಂದೆ ಬಂತು. ತಡೆಯಲು ಹೋಗಲಿಲ್ಲ ಅವಳು. ಕಟಿಂಗ್ ಅಂಗಡಿಯವನು ಎರಡು ಕುರ್ಚಿ ಎಳೆದು, ಒಂದರಲ್ಲಿ ಅವಳನ್ನು ಕೂರಿಸಿ, ಇನ್ನೊಂದರಲ್ಲಿ ತಾನು ಕೂತ.